ಅಪ್‌ಡೇಟ್: ದೊಡ್ಡಪ್ಪನ ಅಟಾರಿಯಲ್ಲಿ ಕ್ಯೂಬೇಸ್ ತೆರೆಯಿತು!

ಹೋದ ತಿಂಗಳು ಕೇಳಿದ್ದೆನಲ್ಲ, ದೊಡ್ಡಪ್ಪ ಗಲ್ಫ್‌ನಿಂದ ತಂದ ಹಳೇ ಕಂಪ್ಯೂಟರ್ ಅಟಾರಿ 1040 ಎಸ್‌ಟಿ ಆನ್ ಆಗುತ್ತದೆ, ಆದರೆ ಕ್ಯೂಬೇಸ್ (ಸಂಗೀತ ಮಾಡುವ ಸಾಫ್ಟ್‌ವೇರ್) ಫ್ಲಾಪಿಗಳನ್ನು ಓದುವುದಿಲ್ಲ ಅಂತ. ಅವರು ತುಳು ನಾಟಕಗಳಿಗೆ ಮಾಡಿದ ಸಂಗೀತವೆಲ್ಲ ಆ ಫ್ಲಾಪಿಗಳಲ್ಲೇ ಇತ್ತು.

ತೊಂದರೆ ಡ್ರೈವ್‌ದಲ್ಲ, ಬೂಷ್ಟು. ನಮ್ಮ ಮನೆ ಮಲ್ಪೆಯಲ್ಲಿ, ಕಡಲಿಗೆ ಹತ್ತಿರ. ಎಷ್ಟೋ ಮಳೆಗಾಲ ಕಪಾಟಿನಲ್ಲೇ ಕಳೆದ ಫ್ಲಾಪಿಗಳು. ಶಟರ್ ಸರಿಸಿ ನೋಡಿದರೆ ಕಂದು ಡಿಸ್ಕಿನ ಮೇಲೆ ಬಿಳಿ ಚುಕ್ಕೆಗಳು. ನೀವು ಹೇಳಿದಂತೆ ಹತ್ತಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ, ನಡುವಿನ ಲೋಹದ ಬಿಲ್ಲೆಯನ್ನು ಬೆರಳಲ್ಲಿ ತಿರುಗಿಸುತ್ತಾ ಎರಡೂ ಬದಿ ಮೆಲ್ಲಗೆ ಒರೆಸಿದೆ. ಒಂದೊಂದಕ್ಕೂ ಕಾಲು ಗಂಟೆ. ಚೆನ್ನಾಗಿ ಒಣಗಿದ ಮೇಲೆಯೇ ಡ್ರೈವ್‌ಗೆ ಹಾಕಿದೆ. 11ರಲ್ಲಿ 8 ಉಳಿದವು. ಮೂರು ಹೋದದ್ದಕ್ಕೆ ತುಂಬಾ ಬೇಜಾರಿದೆ.

ಡಾಂಗಲ್ (ಕ್ಯೂಬೇಸ್ ತೆರೆಯಲು ಬೇಕಾದ ಕೀಲಿಯಂಥ ಸಾಧನ) ಅನ್ನು ಮೆಷಿನ್ ಆನ್ ಇದ್ದಾಗ ಸಿಕ್ಕಿಸಬೇಡ ಅಂತ ಎಚ್ಚರಿಸಿದವರಿಗೆ ಥ್ಯಾಂಕ್ಸ್. ಆಫ್ ಮಾಡಿಯೇ ಅಟಾರಿಯ ಕಾರ್ಟ್ರಿಜ್ ಪೋರ್ಟ್‌ಗೆ ಸಿಕ್ಕಿಸಿದೆ.

ಹಾಡುಗಳನ್ನು ಮಿಡಿ ಫೈಲ್ ಆಗಿ ಎಕ್ಸ್‌ಪೋರ್ಟ್ ಮಾಡಿ, ಹಳೇ ಪಿಸಿಯಲ್ಲಿ ಫಾರ್ಮ್ಯಾಟ್ ಮಾಡಿದ 720 ಕೆಬಿ ಫ್ಲಾಪಿಗೆ ಹಾಕಿದೆ. ಲ್ಯಾಪ್‌ಟಾಪ್‌ನಲ್ಲೂ ತೆರೆದವು. ಆದರೆ ಮಿಡಿಯಲ್ಲಿ ಇರುವುದು ಯಾವ ಸ್ವರ, ಯಾವಾಗ, ಎಷ್ಟು ಜೋರು ಅನ್ನುವುದಷ್ಟೇ. ನಾದ ಬರಬೇಕಾದ್ದು ಸಂಗೀತದ ಕೀಬೋರ್ಡ್‌ನಿಂದ. ಹಾಗಾಗಿ ದೊಡ್ಡಪ್ಪನ ಹಳೇ ಕೀಬೋರ್ಡನ್ನೇ ಇಳಿಸಿ, ಅಟಾರಿಗೆ ನೇರ ಜೋಡಿಸಿದೆ. 1985ರಲ್ಲೇ ಕಂಪ್ಯೂಟರಿಗೆ ಮಿಡಿ ಪೋರ್ಟ್ ಕೊಟ್ಟಿದ್ದರು, ಎಷ್ಟು ದೊಡ್ಡ ಯೋಚನೆ ಅಲ್ವಾ!

ಮೊದಲ ಟ್ರ್ಯಾಕ್ ಶುರುವಾದದ್ದೇ ದೊಡ್ಡಪ್ಪ ಕನ್ನಡಕ ತೆಗೆದಿಟ್ಟರು. "ಇದು ಅಜ್ಜಿ ಸಾಯುವ ಸೀನಿಗೆ ಮಾಡಿದ್ದು ಮಾರಾಯ" ಅಂದರು. ಕೊನೆವರೆಗೂ ಕೇಳಿದೆವು.