ಪೀಟ್ ಜೌಗುಗಳ ಸಂಶೋಧನೆ: ಆರಂಭ ಜಲವಿಜ್ಞಾನದಿಂದಲೋ, ಇಂಗಾಲದ ಚಕ್ರದಿಂದಲೋ?

ಪ್ರಶ್ನೆ:
ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿರುವ ನಾನು, ಅರೆಕೊಳೆತ ಸಸ್ಯಾವಶೇಷಗಳು ಸಾವಿರಾರು ವರ್ಷ ಪದರಗಟ್ಟಿ ಉಂಟಾದ ಪೀಟ್ ಜೌಗುಗಳ ಕುರಿತು ಪಿಎಚ್.ಡಿ. ಮಾಡಬೇಕೆಂದಿದ್ದೇನೆ. ಮುಂದೆಯೂ ಅಧ್ಯಾಪನ ಮತ್ತು ಸಂಶೋಧನೆಯಲ್ಲೇ ಉಳಿಯುವ ಆಸೆಯಿದೆ. ನೀರಿನ ಚಲನೆಯನ್ನು ಮುಖ್ಯ ವಿಷಯವಾಗಿಸಿಕೊಳ್ಳಲೇ, ಇಂಗಾಲದ ಚಕ್ರವನ್ನೇ?

ಉತ್ತರ 1:
ನೀರಿನಿಂದ ಆರಂಭಿಸಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಭೂಪ್ರದೇಶದ ಸುಮಾರು ಶೇ. 3ರಷ್ಟನ್ನು ಮಾತ್ರ ಆವರಿಸಿರುವ ಈ ಜೌಗುಗಳು ಜಗತ್ತಿನ ಕಾಡುಗಳ ಮರಗಿಡಗಳೆಲ್ಲ ಸೇರಿ ಹಿಡಿದಿಟ್ಟಿರುವುದಕ್ಕಿಂತ ಹೆಚ್ಚು ಇಂಗಾಲವನ್ನು ಉಳಿಸಿಕೊಂಡಿರುವುದು, ತುಂಬಿನಿಂತ ನೀರು ಆಮ್ಲಜನಕವನ್ನು ಕೆಳಕ್ಕೆ ಇಳಿಯಗೊಡದಿರುವುದರಿಂದಲೇ. ನೀರಿನ ಮಟ್ಟ ತಗ್ಗಿದರೆ ಗಾಳಿ ತಾಕಿದ ಪದರ ಬೇಗ ಕೊಳೆತು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಮೇಲ್ಮೈವರೆಗೆ ಏರಿದರೆ ಸಾಮಾನ್ಯವಾಗಿ ಮೀಥೇನ್ ಹೆಚ್ಚುತ್ತದೆ. ಮೇಲಿನ ಸಡಿಲ ಪದರದಲ್ಲಿ ಸರಾಗವಾಗಿ ಸಾಗುವ ನೀರು ಕೆಳಗಿನ ಒತ್ತಾದ ಪದರದಲ್ಲಿ ಸಾವಿರಾರು ಪಟ್ಟು ನಿಧಾನವಾಗಬಲ್ಲದು. ಇದನ್ನು ಅಳೆಯದೆ ಅನಿಲವನ್ನಷ್ಟೇ ಅಳೆದರೆ, ಅಂಕಿಗಳು ಏಕೆ ಹಾಗೆ ಏರಿಳಿದವೆಂದು ಪರೀಕ್ಷಕರಿಗೆ ವಿವರಿಸುವುದು ಬಹಳ ಕಷ್ಟ.

ಉತ್ತರ 2:
ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ನನಗೆ ವಿಷಯಕ್ಕಿಂತ ಸ್ಥಳದ ಆಯ್ಕೆ ಮುಖ್ಯವೆನಿಸುತ್ತದೆ. ಮಳೆ ಚೆನ್ನಾಗಿ ಬಂದ ವರ್ಷ ಇಂಗಾಲವನ್ನು ಹೀರಿಕೊಂಡ ಜೌಗು ಬರಗಾಲದ ವರ್ಷ ಅದನ್ನು ಹೊರಬಿಡಬಹುದಾದ್ದರಿಂದ, ಪಿಎಚ್.ಡಿ.ಯ ಮೂರು ನಾಲ್ಕು ವರ್ಷಗಳ ದತ್ತಾಂಶದಿಂದ ಆ ಜೌಗಿನ ಸ್ವಭಾವವನ್ನು ನಿರ್ಣಯಿಸಲಾಗದು. ಕೆನಡಾದ ಒಟ್ಟಾವಾ ಬಳಿಯ ಮೇರ್ ಬ್ಲ್ಯೂ ಜೌಗಿನಲ್ಲಿ 1998ರಿಂದ ಅನಿಲ ವಿನಿಮಯದ ಅಳತೆ ನಡೆದಿದೆ. ಅಮೆರಿಕದ ಮಿನೆಸೋಟಾದ ಮಾರ್ಸೆಲ್ ಪ್ರಾಯೋಗಿಕ ಅರಣ್ಯದಲ್ಲಿ 1960ರ ದಶಕದಿಂದ ನೀರಿನ ದಾಖಲೆಗಳಿವೆ. ಇಂಥ ದೀರ್ಘ ದಾಖಲೆಯಿರುವ ಕಡೆ ನಿಮ್ಮ ಚಿಕ್ಕ ಪ್ರಶ್ನೆಗೂ ಬೆಲೆ ಬರುತ್ತದೆ. ತೊರೆಗಳಲ್ಲಿ ಕರಗಿ ಹರಿದುಹೋಗುವ ಇಂಗಾಲವನ್ನೂ ಲೆಕ್ಕಕ್ಕೆ ಸೇರಿಸಿ; ಎರಡೂ ವಿಷಯಗಳು ನಿಜವಾಗಿ ಸೇರುವುದು ಅಲ್ಲಿಯೇ.

ಉತ್ತರ 3:
ಉಷ್ಣವಲಯವನ್ನು ಮರೆಯಬೇಡಿ. ಕಾಂಗೋ ಜಲಾನಯನದ ಮಧ್ಯಭಾಗದ ಪೀಟ್‌ನಲ್ಲಿ ಸುಮಾರು 30 ಶತಕೋಟಿ ಟನ್ ಇಂಗಾಲವಿದೆಯೆಂಬ ಅಂದಾಜು ಪ್ರಕಟವಾದದ್ದೇ 2017ರಲ್ಲಿ. ಇಂಡೊನೇಷ್ಯಾದ ಕಾಲಿಮಂತಾನ್‌ನಲ್ಲಿ 1990ರ ದಶಕದ ನಡುವೆ ಭತ್ತದ ಬೇಸಾಯಕ್ಕೆಂದು ಕಾಲುವೆ ತೋಡಿ ಬಸಿದ ಪೀಟ್ 1997ರ ಬರದಲ್ಲಿ ವ್ಯಾಪಕವಾಗಿ ಹೊತ್ತಿ ಉರಿಯಿತು. ಕಾಲುವೆಗಳಿಗೆ ಅಡ್ಡಕಟ್ಟೆ ಹಾಕಿ ನೀರನ್ನು ಮತ್ತೆ ಮೇಲೇರಿಸುವ ಕೆಲಸಕ್ಕೆ ಜಲವಿಜ್ಞಾನ ಬಲ್ಲವರು ಬೇಕು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಅರ್ಜಿ ಹಾಕುವ ಮೊದಲು ಏನನ್ನು ಕಲಿತಿರಬೇಕು?

ಉತ್ತರ 1:
ಮಣ್ಣಿನಂಥ ರಂಧ್ರಮಯ ವಸ್ತುವಿನ ಮೂಲಕ ನೀರು ಎಷ್ಟು ವೇಗವಾಗಿ ಸಾಗುತ್ತದೆಂದು ಹೇಳುವ ಡಾರ್ಸಿಯ ನಿಯಮವನ್ನು ಲೆಕ್ಕ ಮಾಡಿ ಕಲಿಯಿರಿ, ಕಾಲಶ್ರೇಣಿಯ (ಕಾಲಕ್ರಮದಲ್ಲಿ ಸತತವಾಗಿ ಪಡೆದ ಅಳತೆಗಳ) ಸಂಖ್ಯಾಶಾಸ್ತ್ರವನ್ನು ಅಭ್ಯಾಸ ಮಾಡಿ. ಪಿಎಚ್.ಡಿ. ನಂತರ ಕೆಲವು ವರ್ಷ ಅಲ್ಪಾವಧಿ ಗುತ್ತಿಗೆಯ ಹುದ್ದೆಗಳೇ ಸಿಗುವ ಸಾಧ್ಯತೆ ಹೆಚ್ಚಿರುವುದರಿಂದ, ಮಾರ್ಗದರ್ಶಕರ ಹಳೆಯ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆಂದು ತಪ್ಪದೆ ವಿಚಾರಿಸಿ.