ಪದಚರ್ಚೆ: ‘ಶುಗರ್‌ನ ಸಾಕ್ಸ್’ಗೆ ಕನ್ನಡದಲ್ಲಿ ಏನೆನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದೇ ಒಂದು ಪುಟದ ಕರಪತ್ರ ಬರೆದುಕೊಡುತ್ತೇನೆಂದು ಒಪ್ಪಿ ಸಿಕ್ಕಿಹಾಕಿಕೊಂಡಿದ್ದೇನೆ. ಉಡುಪಿಯಲ್ಲಿ ಪರಿಚಯದ ವೈದ್ಯರೊಬ್ಬರು ಶುಗರ್ ಇರುವವರ ಪಾದ ನೋಡುವ ಶಿಬಿರ ಇಟ್ಟುಕೊಂಡಿದ್ದಾರೆ. ಬಂದವರ ಕೈಗೆ ಕೊಡುವ ಹಾಳೆ ಕನ್ನಡದಲ್ಲಿರಲಿ, ಅದೂ ಓದಿದರೆ ತಿಳಿಯುವ ಕನ್ನಡದಲ್ಲಿರಲಿ ಎಂದರು. ಉಗುರು ಕತ್ತರಿಸುವುದು, ಬೆರಳ ಸಂದಿ ಒರೆಸುವುದು, ಮನೆಯೊಳಗೂ ಬರಿಗಾಲಲ್ಲಿ ನಡೆಯದಿರುವುದು, ಇವೆಲ್ಲ ಅರ್ಧ ಗಂಟೆಯಲ್ಲಿ ಮುಗಿದವು. ಕಾಲುಚೀಲದ ಹತ್ತಿರ ಬಂದು ನಿಂತವನು ನಾಲ್ಕು ದಿನವಾದರೂ ಮುಂದೆ ಹೋಗಿಲ್ಲ.

ಇದರ ಹಿಂದೆ ಮನೆಯದೇ ಒಂದು ಕತೆ ಉಂಟು. ನಮ್ಮ ಚಿಕ್ಕಮ್ಮನಿಗೆ ಶುಗರ್ ಬಂದು ಹದಿನೆಂಟು ವರ್ಷ. ಹೋದ ವರ್ಷ ಡಾಕ್ಟರರು ‘ಡಯಾಬಿಟಿಕ್ ಸಾಕ್ಸ್ ಹಾಕಿ’ ಎಂದದ್ದನ್ನು ಅವರು ಚೀಟಿಯಲ್ಲಿ ‘ಶುಗರ್‌ನ ಸಾಕ್ಸ್’ ಎಂದು ಬರೆದು ಹುಡುಗನನ್ನು ಅಂಗಡಿಗೆ ಕಳಿಸಿದರು. ಅಂಗಡಿಯಿಂದ ಬಂದದ್ದು ಮೊಣಕಾಲಿನವರೆಗೆ ಎಳೆದು ಹಾಕುವ ಕಂಪ್ರೆಷನ್ ಸಾಕ್ಸ್. ಡಬ್ಬಿಯ ಮೇಲೆ 20–30 ಎಂದಿತ್ತು. ಹುಡುಗ ಅದನ್ನು ಸೈಜು ಎಂದುಕೊಂಡ. ಅದು ಒತ್ತಡದ ಅಳತೆ, ಪಾದರಸದ ಮಿಲಿಮೀಟರ್ ಲೆಕ್ಕದ್ದು. (ಪಾದದ ಕರಪತ್ರದಲ್ಲಿ ‘ಪಾದರಸ’ ಎಂದು ಬರೆದರೆ ನಮ್ಮವರು ಕಾಲಿಗೆ ಹಚ್ಚುವ ಎಣ್ಣೆ ಎಂದುಕೊಂಡಾರೆಂದು ಆ ಮಾತನ್ನೇ ಕೈಬಿಟ್ಟಿದ್ದೇನೆ.) ಚಿಕ್ಕಮ್ಮ ಹತ್ತು ನಿಮಿಷ ಹೆಣಗಾಡಿ ಅದನ್ನು ಏರಿಸಿಕೊಂಡರು. ‘ಬಿಗಿ ಉಂಟು, ಆದರೆ ಮದ್ದಿನ ಸಾಕ್ಸ್ ಅಲ್ಲವಾ, ಹಾಗೇ ಇರಬೇಕು’ ಎಂದರು. ಸಂಜೆ ಕ್ಲಿನಿಕ್ಕಿನಲ್ಲಿ ಸಿಸ್ಟರ್ ಅದನ್ನು ಸುರುಳಿ ಬಿಚ್ಚಿದ ಹಾಗೆ ಇಳಿಸಿದಾಗ ಮೊಣಕಾಲಿನ ಕೆಳಗೆ ಸುತ್ತಲೂ ಬೆರಳು ಕೂರುವಷ್ಟು ಆಳದ ಗೆರೆ. ‘ನೋವಾಗಲಿಲ್ಲವಾ ಅಮ್ಮ?’ ಎಂದು ಕೇಳಿದರೆ ಚಿಕ್ಕಮ್ಮ ತುಳುವಿನಲ್ಲಿ ಅಂದದ್ದು ಒಂದೇ ಮಾತು: ‘ಗೊತ್ತಾಪುಜಿ.’ ಗೊತ್ತಾಗುವುದಿಲ್ಲ ಎಂದು.

ಎರಡೂ ಬೇರೆ ಬೇರೆ ವಸ್ತು, ಹೆಚ್ಚುಕಡಿಮೆ ಒಂದಕ್ಕೊಂದು ಎದುರು. ಕಂಪ್ರೆಷನ್ ಸಾಕ್ಸ್ ಇರುವುದೇ ಬಿಗಿಯಲಿಕ್ಕೆ, ಕಾಲಿನ ಬಾವು ಇಳಿಸಲಿಕ್ಕೆ. ಶುಗರ್ ಇರುವವರಿಗೆ ಹೇಳುವ ಸಾಕ್ಸ್ ಎಲ್ಲಿಯೂ ಬಿಗಿಯಬಾರದು. ಪಾದಕ್ಕೆ ರಕ್ತ ಹೋಗುವುದೇ ಕಡಿಮೆಯಾಗಿರುವವರ ಕಾಲಿಗೆ ಮೇಲಿನಿಂದ ಇನ್ನಷ್ಟು ಬಿಗಿದರೆ ಏನಾದೀತು ಎಂದು ಬಿಡಿಸಿ ಹೇಳಬೇಕಿಲ್ಲ. ಮಧುಮೇಹಿಗಳ ಪಾದದ ಬಗ್ಗೆ ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಬಿಗಿಯಾದ, ಮೊಣಕಾಲಿನವರೆಗಿನ ಕಾಲುಚೀಲ ಬೇಡ, ಕಂಪ್ರೆಷನ್ ಬೇಕೇ ಬೇಕಾದರೆ ಪಾದ ನೋಡುವ ವೈದ್ಯರ ತಂಡವೇ ಹೇಳಲಿ ಎನ್ನುತ್ತದೆ. ಹಾಗಾದರೆ ಅಂಗಡಿಯವನು ತಪ್ಪಿದ್ದೆಲ್ಲಿ? ನನಗನಿಸುವಂತೆ ಅರ್ಧ ತಪ್ಪು ಚೀಟಿಯಲ್ಲಿದ್ದ ಷಷ್ಠೀ ವಿಭಕ್ತಿಯದು.

ಜ್ವರದ ಮಾತ್ರೆ, ಕೆಮ್ಮಿನ ಸಿರಪ್ಪು, ಗಂಟುನೋವಿನ ಎಣ್ಣೆ. ಹಿಂದಿನ ಪದ ಕಾಯಿಲೆಯ ಹೆಸರಾದರೆ ಕನ್ನಡದ ಕಿವಿಗೆ ಅದು ‘ಆ ಕಾಯಿಲೆಯನ್ನು ಓಡಿಸುವಂಥದು’ ಎಂದೇ ಕೇಳುತ್ತದೆ. ಹಿಂದಿನ ಪದ ಮನುಷ್ಯರಾದರೆ ಅರ್ಥ ಬೇರೆ: ಮಕ್ಕಳ ಸೋಪು, ಬಾಣಂತಿ ಲೇಹ್ಯ. ಮಕ್ಕಳನ್ನು ಓಡಿಸುವ ಸೋಪು ಎಂದು ಯಾರೂ ತಿಳಿಯುವುದಿಲ್ಲ. ‘ಮಧುಮೇಹ ಕಾಲುಚೀಲ’, ‘ಶುಗರ್‌ನ ಸಾಕ್ಸ್’ ಎಂದ ಕೂಡಲೇ ಅದು ಮದ್ದಿನ ಸಾಲಿಗೆ ಸೇರುತ್ತದೆ. ಮದ್ದೆಂದ ಮೇಲೆ ಸ್ವಲ್ಪ ಕಹಿ, ಸ್ವಲ್ಪ ಬಿಗಿ ಇರಬೇಕಾದದ್ದೇ. ‘ಮಧುಮೇಹಿಗಳ ಕಾಲುಚೀಲ’ ಎಂದರೆ ವ್ಯಾಕರಣ ಸರಿಹೋಗುತ್ತದೆ, ‘ಶುಗರ್‌ನವರ ಸಾಕ್ಸ್’ ಎಂದರೆ ಮಾತೂ ಸರಿಹೋಗುತ್ತದೆ. ಆದರೂ ಎರಡೂ ‘ಯಾರಿಗೆ’ ಎಂದಷ್ಟೇ ಹೇಳುತ್ತವೆ, ‘ಎಂಥದು’ ಎಂದು ಹೇಳುವುದಿಲ್ಲ. ಮೇಲಾಗಿ ಶುಗರ್ ಇದ್ದವರಿಗೆಲ್ಲ ಬೇರೆಯೇ ಸಾಕ್ಸ್ ಬೇಕೆಂದೂ ಇಲ್ಲ. ಪಾದದ ಸ್ಪರ್ಶ, ರಕ್ತಸಂಚಾರ ಎರಡೂ ಚೆನ್ನಾಗಿದ್ದರೆ ಅಳತೆಗೆ ಸರಿಯಾದ ಸಾಮಾನ್ಯ ಸಾಕ್ಸ್ ಸಾಕು. ಪ್ಯಾಕೆಟ್ಟಿನ ಮೇಲಿನ ‘ಡಯಾಬಿಟಿಕ್’ ವ್ಯಾಪಾರದ ಮಾತು.

ಆದ್ದರಿಂದ ಗುಣ ಹೇಳುವ ಹೆಸರು ಹುಡುಕಹೊರಟೆ.

ಮೊದಲು ಹೊಳೆದದ್ದು ‘ಸಡಿಲಬಾಯಿ ಕಾಲುಚೀಲ’. ಚೀಲವೆಂದ ಮೇಲೆ ಅದಕ್ಕೆ ಬಾಯಿ ಇರಲೇಬೇಕಲ್ಲ. ಮನೆಯಲ್ಲಿ ಓದಿ ಹೇಳಿದರೆ ಹೆಂಡತಿ ನಕ್ಕಳು. ಬಾಯಿ ಸಡಿಲ ಎಂದರೆ ಗುಟ್ಟು ನಿಲ್ಲದವರು ಎಂದಲ್ಲವೇ. ನಗೆ ಹೋಗಲಿ, ‘ಸಡಿಲ’ವೂ ಇಲ್ಲಿ ಪೂರ್ತಿ ಸರಿಯಲ್ಲ. ಸಡಿಲವಾದ ಸಾಕ್ಸ್ ಜಾರಿ ಹಿಮ್ಮಡಿಯ ಹತ್ತಿರ ನೆರಿಗೆಗಟ್ಟುತ್ತದೆ, ಶೂ ಒಳಗೆ ಆ ನೆರಿಗೆಯೇ ಉಜ್ಜಿ ಬೊಕ್ಕೆ ಎಬ್ಬಿಸುತ್ತದೆ. ಬಿಗಿಗೂ ಸಡಿಲಕ್ಕೂ ನಡುವಿನದು ಬೇಕು. ಅಡುಗೆಯವರ ‘ಹದ’ ಇದೆ, ಆದರೆ ‘ಹದವಾದ ಸಾಕ್ಸ್ ಕೊಡಿ’ ಎಂದರೆ ಅಂಗಡಿಯವನು ಏನು ತೆಗೆದುಕೊಟ್ಟಾನು? ಕಿಟೆಲ್ 1894ರಲ್ಲಿ ನಮ್ಮ ಮಂಗಳೂರಿನಲ್ಲೇ ನಿಘಂಟು ಅಚ್ಚುಹಾಕಿಸಿದಾಗ ಈ ತೊಂದರೆ ಇರಲಿಲ್ಲ. ಎಳೆದರೆ ಹಿಗ್ಗಿ ಬಿಟ್ಟರೆ ಕುಗ್ಗುವ ಸ್ಪ್ಯಾಂಡೆಕ್ಸ್ ನೂಲು ಹುಟ್ಟಿದ್ದೇ 1958ರಲ್ಲಿ.

ಎರಡನೆಯದರ ಮೇಲೆ ನನಗೆ ಬಹಳ ಆಸೆ ಇತ್ತು: ‘ಕಚ್ಚದ ಕಾಲುಚೀಲ’. ಹೊಸ ಚಪ್ಪಲಿ ಕಚ್ಚುತ್ತದೆ ಎನ್ನುವುದು ಕರಾವಳಿಯಲ್ಲೂ ಘಟ್ಟದ ಮೇಲೂ ನಡೆಯುವ ಮಾತು. ಸಾಕ್ಸಿನ ರಬ್ಬರ್ ಕಚ್ಚುತ್ತದೆ ಎಂದರೆ ಮಗುವಿಗೂ ತಿಳಿಯುತ್ತದೆ. ಇದರ ಜೊತೆಗೆ ಹೊಲಿಗೆಯ ವಿಚಾರಕ್ಕೆ ‘ತಾಗದ ಹೊಲಿಗೆ’ ಎಂದು ಬರೆದುಕೊಂಡೆ. ಸಾಕ್ಸ್ ಹೆಣೆದ ಬಟ್ಟೆ, ಅದರಲ್ಲಿ ಹೊಲಿಗೆ ಇರುವುದು ಮುಖ್ಯವಾಗಿ ಬೆರಳುಗಳ ತುದಿಯಲ್ಲಿ ಬಾಯಿ ಮುಚ್ಚುವ ಜಾಗದಲ್ಲಿ. ಆ ಹೊಲಿಗೆ ದಪ್ಪವಾಗಿದ್ದರೆ ಬೆರಳಿಗೆ ತಾಗುತ್ತದೆ. ‘ಹೊಲಿಗೆಯಿಲ್ಲದ ಸಾಕ್ಸ್’ ಎಂದರೆ ನಮ್ಮೂರಲ್ಲಿ ಹೊಲಿಗೆ ಬಿಟ್ಟ, ಬೆರಳು ಹೊರಬಂದ ಸಾಕ್ಸ್ ನೆನಪಾಗುವ ಅಪಾಯ ಉಂಟು. ಹಾಗಾಗಿ ‘ತಾಗದ’ ಎಂಬುದು ಚೆನ್ನಾಗಿ ಕೂತಿತು ಅಂದುಕೊಂಡೆ.

ಆಮೇಲೆ ಶಿಬಿರದ ತಯಾರಿ ನೋಡಲು ಹೋದೆ. ಅಲ್ಲಿ ಸಿಸ್ಟರ್ ಒಬ್ಬರು ವಯಸ್ಸಾದವರೊಬ್ಬರನ್ನು ಕಣ್ಣು ಮುಚ್ಚಿ ಕೂರಿಸಿ ಅಂಗಾಲಿಗೆ ಸಣ್ಣ ನೈಲಾನ್ ಎಳೆಯೊಂದನ್ನು ಒತ್ತುತ್ತಿದ್ದರು. ಸುಮಾರು 10 ಗ್ರಾಂ ಭಾರ ಬಿದ್ದಾಗ ಬಾಗುವಂತೆ ಮಾಡಿದ ಎಳೆ ಅದು. ಎಳೆ ಬಾಗುವವರೆಗೆ ಒತ್ತುವುದು, ‘ತಾಗಿತಾ?’ ಎಂದು ಕೇಳುವುದು. ಹೆಬ್ಬೆರಳಿಗೆ ಒತ್ತಿದರು: ‘ತಾಗಿತಾ ಅಜ್ಜ?’ ಉತ್ತರವಿಲ್ಲ. ಬೆರಳ ಬುಡಕ್ಕೆ ಒತ್ತಿದರು: ‘ಈಗ ತಾಗಿತಾ?’ ಅಜ್ಜ ಕಣ್ಣು ಮುಚ್ಚಿಕೊಂಡೇ ‘ನೀವು ಶುರು ಮಾಡಿ ಮಾರಾಯ್ತಿ, ಎಷ್ಟು ಹೊತ್ತು ಕಾಯುವುದು’ ಎಂದರು.

ಅಲ್ಲಿಗೆ ನನ್ನ ಎರಡು ಪದಗಳೂ ಬಿದ್ದವು. ಪಾದದ ಸ್ಪರ್ಶವೇ ಹೋದ ಆ ಅಜ್ಜನಿಗೆ ಎಲ್ಲ ಹೊಲಿಗೆಯೂ ತಾಗದ ಹೊಲಿಗೆಯೇ. ನಮ್ಮ ಚಿಕ್ಕಮ್ಮನಿಗೆ ಯಾವ ಸಾಕ್ಸೂ ಕಚ್ಚುವುದಿಲ್ಲ, ಗಾಯವಾಗಿ ರಕ್ತ ಬಂದರೂ ಕಚ್ಚುವುದಿಲ್ಲ. ಕಾಲಿಗೆ ಏನನಿಸುತ್ತದೆ ಎಂಬುದರ ಮೇಲೆ ಕಟ್ಟಿದ ಪದ ಅವರಿಗೆ ಕೆಲಸಕ್ಕೆ ಬಾರದು. ಕಣ್ಣಿಗೆ ಕಾಣುವ, ಕೈಬೆರಳಿಗೆ ಸಿಗುವ ಪದ ಬೇಕು.

ಹಾಗೆ ಯೋಚಿಸಿದಾಗ ‘ಗೆರೆ ಬೀಳಿಸದ ಕಾಲುಚೀಲ’ ಎಂದು ಬಂತು. ಸಂಜೆ ಸಾಕ್ಸ್ ತೆಗೆದು ಕಣಕಾಲು ನೋಡುವುದು. ಸುತ್ತ ಗೆರೆ ಬಿದ್ದಿದೆಯೇ? ಹಾಗಿದ್ದರೆ ಅದು ಬೇಡ. ಕಣ್ಣು ಸರಿಯಿಲ್ಲದವರಿಗೆ ಮನೆಯವರು ನೋಡಿ ಹೇಳಬಹುದು. ಹೊಲಿಗೆಯ ಉಬ್ಬಿದ ಅಂಚಿಗೆ ‘ಏಣು’ ಎಂಬ ಪದ ಇಟ್ಟಿದ್ದೇನೆ: ‘ಸಾಕ್ಸನ್ನು ಒಳಮೈ ಹೊರಗೆ ಮಾಡಿ ಬೆರಳ ತುದಿಯ ಜಾಗದಲ್ಲಿ ಕೈಬೆರಳು ಸವರಿ ನೋಡಿ, ಏಣು ಸಿಗಬಾರದು.’ ಏಣು ಸಿಕ್ಕಿಯೂ ಅದನ್ನೇ ಹಾಕಬೇಕಾಗಿ ಬಂದರೆ ಒಳಮೈ ಹೊರಗೆ ಮಾಡಿಯೇ ಹಾಕಿಕೊಳ್ಳಬಹುದು, ವೈದ್ಯರೂ ಅದನ್ನೇ ಹೇಳುತ್ತಾರೆ. ಬಣ್ಣದ ವಿಷಯದಲ್ಲೂ ಕಣ್ಣಿನದೇ ಮಾತು. ಬಿಳಿ ಅಥವಾ ತಿಳಿ ಬಣ್ಣದ್ದಾದರೆ ರಕ್ತದ, ಕೀವಿನ ಕಲೆ ಕೂಡಲೇ ಕಾಣುತ್ತದೆ. ‘ಶಾಲೆಗೆ ಹೋಗುವವರ ಹಾಗೆ ಬಿಳಿ ಸಾಕ್ಸಾ?’ ಎಂದು ಚಿಕ್ಕಮ್ಮ ಮೂಗು ಮುರಿದದ್ದು ಬೇರೆ ಮಾತು.

ಬೆವರಿನ ಪದವೂ ನನ್ನನ್ನು ಕಾಡಿತು. ಪ್ಯಾಕೆಟ್ಟುಗಳ ಕನ್ನಡದಲ್ಲಿ ‘ಬೆವರು ಹೀರುವ’ ಎಂದಿರುತ್ತದೆ. ಹೀರುವುದು ಹತ್ತಿ, ಹೀರಿ ತನ್ನಲ್ಲೇ ಇಟ್ಟುಕೊಳ್ಳುತ್ತದೆ, ಪಾದ ಒದ್ದೆಯಲ್ಲೇ ಕೂತಿರುತ್ತದೆ. ಇಲ್ಲಿ ಬೇಕಾದದ್ದು ದೀಪದ ಬತ್ತಿಯ ಕೆಲಸ. ಬತ್ತಿ ಎಣ್ಣೆ ಎಳೆಯುತ್ತದೆ ಎನ್ನುತ್ತೇವಲ್ಲ, ಹಾಗೆ ಒಳಗಿನ ತೇವವನ್ನು ಹೊರಮೈಗೆ ಎಳೆದು ಗಾಳಿಗೆ ಬಿಡುವ ನೂಲು. ‘ಬೆವರೆಳೆಯುವ’ ಎಂದು ಬರೆದಿದ್ದೇನೆ. ಮಳೆಗಾಲದ ಆಟಿ ತಿಂಗಳಲ್ಲಿ ಒಗೆದ ಸಾಕ್ಸ್ ಮೂರು ದಿನವಾದರೂ ಒಣಗದ ಊರು ನಮ್ಮದು. ಒದ್ದೆ ಸಾಕ್ಸಿನಲ್ಲಿ ಬೆರಳ ಸಂದಿ ಬೆಂದು ಬಿಳಿಚಿಕೊಳ್ಳುವುದಕ್ಕೆ ಗದ್ದೆಯವರ ‘ಕೆಸರುಹುಣ್ಣು’ ಎಂಬ ಪದ ಇದ್ದೇ ಇದೆ, ಅದನ್ನು ಹಾಗೇ ಇಟ್ಟುಕೊಂಡೆ. ‘ಬಿದಿರಿನ ಸಾಕ್ಸ್’ ಎಂಬುದರ ಬಗ್ಗೆ ಒಂದೇ ಮಾತು: ಅದು ಸಾಮಾನ್ಯವಾಗಿ ಬಿದಿರಿನ ತಿರುಳನ್ನು ರಾಸಾಯನಿಕದಲ್ಲಿ ಕರಗಿಸಿ ತೆಗೆದ ವಿಸ್ಕೋಸ್ ನೂಲು. ಬುಟ್ಟಿ ಹೆಣೆಯುವ ಬಿದಿರನ್ನು ನೆನೆದು ಯಾರೂ ಹೆದರಬೇಕಾಗಿಲ್ಲ.

‘ಸಾಕ್ಸ್’ ಬಿಟ್ಟು ‘ಕಾಲುಚೀಲ’ವೇ ಏಕೆ ಎಂದು ಕೇಳುವವರಿಗೆ: ಹಾಳೆಯಲ್ಲಿ ಎರಡೂ ಇವೆ. ತಮಾಷೆ ಏನೆಂದರೆ ಕೈಚೀಲ ಕೈಯಲ್ಲಿ ಹಿಡಿಯುವ ಚೀಲ, ಕಾಲುಚೀಲ ಕಾಲು ತೂರಿಸುವ ಚೀಲ. ಕೈ ತೂರಿಸುವುದಕ್ಕೆ ಮಾತ್ರ ಗವಸು ಬೇಕಾಯಿತು. ಇಂಗ್ಲಿಷಿನ ‘ಸಾಕ್’ ಕೂಡ ಮೊದಲು ಲ್ಯಾಟಿನ್‌ನಲ್ಲಿ ಒಂದು ಬಗೆಯ ಮೆಟ್ಟಿನ ಹೆಸರು, ಹಿಂದಿ–ಮರಾಠಿಗಳ ‘ಮೋಜಾ’ ಪಾರಸಿಯಲ್ಲಿ ಬೂಟಿನ ಹೆಸರು. ಅವರಲ್ಲಿ ಮೆಟ್ಟು ಒಳಸೇರಿ ಸಾಕ್ಸ್ ಆಯಿತು, ನಮ್ಮಲ್ಲಿ ಚೀಲ ಕಾಲಿಗಿಳಿಯಿತು.

ಈಗ ನನ್ನ ಪ್ರಶ್ನೆಗಳು. ರಬ್ಬರ್ ಒತ್ತಿ ಚರ್ಮದ ಮೇಲೆ ಉಳಿಯುವ ಗುರುತಿಗೆ ನಿಮ್ಮ ಕಡೆ ಏನೆನ್ನುತ್ತೀರಿ? ಗೆರೆಯೋ, ಅಚ್ಚೋ? ಕುಂದಾಪುರದ ಕಡೆಯವರು, ಸುಳ್ಯ–ಪುತ್ತೂರಿನವರು ಹೇಳಿದರೆ ಉಪಕಾರ. ‘ಏಣು’ ಎಂದರೆ ಇಂದಿನ ಓದುಗರಿಗೆ ತಿಳಿಯುತ್ತದೆಯೇ, ಅಥವಾ ‘ದಪ್ಪ ಹೊಲಿಗೆ’ ಎಂದೇ ಬರೆಯಲೇ? ಇನ್ನೊಂದು, ಇದು ನಿಜಕ್ಕೂ ಕಷ್ಟದ್ದು: ಸ್ಪರ್ಶ ಹೋದ ಪಾದಕ್ಕೆ ಒಂದು ಪದ. ‘ಜೋಮು’ ಎಂದರೆ ಸ್ವಲ್ಪ ಹೊತ್ತಿಗೆ ಬಿಟ್ಟುಹೋಗುವಂಥದು. ‘ಮರಗಟ್ಟಿದ’ ಎಂದರೆ ಚಳಿಯದು, ಅದೂ ಸಾಲದೆ ಮರಗಟ್ಟಿದ್ದು ಆ ಮನುಷ್ಯನಿಗೆ ಗೊತ್ತಾಗುತ್ತದೆ. ಇಲ್ಲಿ ಗೊತ್ತಾಗದೇ ಇರುವುದೇ ಗೊತ್ತಾಗುವುದಿಲ್ಲ. ಸದ್ಯಕ್ಕೆ ‘ತಾಗಿದ್ದು ತಿಳಿಯದ ಪಾದ’ ಎಂದು ಮೂರು ಪದ ಇಟ್ಟಿದ್ದೇನೆ.

ಹಾಳೆ ಶುಕ್ರವಾರ ಪ್ರೆಸ್ಸಿಗೆ ಹೋಗುತ್ತದೆ. ಗುರುವಾರ ರಾತ್ರಿಯೊಳಗೆ ಬಂದ ತಿದ್ದುಪಡಿಗಳನ್ನೆಲ್ಲ ಸೇರಿಸುತ್ತೇನೆ. ‘ಪಾದಕೋಶ’, ‘ಚರಣಾವರಣ’ ಎಂದು ಬರೆದುಕಳಿಸುವವರು ಮೊದಲು ತಮ್ಮ ಮನೆಯ ಹತ್ತಿರದ ಮೆಡಿಕಲ್ ಶಾಪಿಗೆ ಹೋಗಿ ಅದೇ ಪದದಲ್ಲಿ ಒಂದು ಜೊತೆ ಕೇಳಿ ತಂದಿರಬೇಕೆಂದು ವಿನಂತಿ.