ಮಗು ಮಣ್ಣು ತಿನ್ನುತ್ತದೆ, ಯಾವ ಟೆಸ್ಟ್ ಮಾಡಿಸಬೇಕು?

ಪ್ರಶ್ನೆ (ಬದಿಯಡ್ಕ ಕಡೆಯ ತಾಯಿ): ಡಾಕ್ಟ್ರೇ, ನಮಸ್ಕಾರ. ಮಗಳಿಗೆ ಮೂರೂವರೆ ವರ್ಷ. ಅಂಗಳದ ಬದಿಯ ಕೆಂಪು ಮಣ್ಣು ತಿನ್ನುತ್ತಾಳೆ, ಹಳೇ ಗೋಡೆಯಿಂದ ಏಳುವ ಪೇಂಟಿನ ಹಕ್ಕಳೆಯನ್ನೂ ಕಿತ್ತು ಬಾಯಿಗೆ ಹಾಕುತ್ತಾಳೆ. ಶುರುವಾಗಿ ಎರಡು ತಿಂಗಳಾಯಿತು. ಬೈದೆ, ಒಮ್ಮೆ ಕೈಗೆ ಪೆಟ್ಟೂ ಕೊಟ್ಟೆ. ಈಗ ಕದ್ದು ತಿನ್ನುತ್ತಾಳೆ. ಹಿಮೋಗ್ಲೋಬಿನ್ 11.2 ಇದೆ, ತೊಂದರೆ ಇಲ್ಲ ಎಂದರು. ಹುಳದ ಮದ್ದು ಕೊಟ್ಟರೆ ಸಾಕು ಎನ್ನುತ್ತಾರೆ ಅತ್ತೆ. ಇದಕ್ಕೆ ಪೈಕಾ ಅಂತ ಹೆಸರಂತೆ. ಹೌದೋ ಅಲ್ವೋ ಅಂತ ಯಾವ ಟೆಸ್ಟಿನಲ್ಲಿ ಗೊತ್ತಾಗುತ್ತದೆ?

ಮಕ್ಕಳ ಡಾಕ್ಟರ್: ಪೈಕಾ ಇದೆ ಎಂದು ತೋರಿಸುವ ರಕ್ತ ಪರೀಕ್ಷೆಯೇ ಇಲ್ಲ. ಕೇಳಿ ತಿಳಿದುಕೊಳ್ಳಬೇಕಾದ ತೊಂದರೆ ಇದು. ಅದಕ್ಕೇ ಮೊದಲು ಬೈಯುವುದನ್ನು ನಿಲ್ಲಿಸಿ. ಹೆದರಿದ ಮಗು ಬಾಯಿ ಬಿಡುವುದಿಲ್ಲ.

ಎರಡು ವರ್ಷ ದಾಟಿದ ಮಗು ಒಂದು ತಿಂಗಳಾದರೂ ಬಿಡದೆ ಆಹಾರವಲ್ಲದ್ದನ್ನು ತಿನ್ನುತ್ತಿದ್ದರೆ ನಾವು ಪೈಕಾ ಎನ್ನುತ್ತೇವೆ. ಊರಿನ ರೂಢಿ ಆ ಲೆಕ್ಕಕ್ಕೆ ಬರುವುದಿಲ್ಲ. ಅಜ್ಜಿ ವೀಳ್ಯದೆಲೆಗೆ ಸುಣ್ಣ ಹಚ್ಚುವುದು, ಸುಬ್ರಹ್ಮಣ್ಯದ ಪ್ರಸಾದದ ಮಣ್ಣಾದ ಮೃತ್ತಿಕೆಯನ್ನು ಚಿಟಿಕೆ ಬಾಯಿಗೆ ಹಾಕುವುದು ಪೈಕಾ ಅಲ್ಲ. ನಿಮ್ಮ ಮಗಳದ್ದು ಹೌದು ಅಂತಲೇ ಕಾಣುತ್ತದೆ.

ಒಮ್ಮೆ ಒಬ್ಬ ಹುಡುಗನನ್ನು ಸುಸ್ತು ಅಂತ ಕರೆತಂದಿದ್ದರು. ಏನಾದರೂ ತಿನ್ನುತ್ತಾನಾ ಎಂದರೆ ಅಮ್ಮ "ಇಲ್ಲವೇ ಇಲ್ಲ" ಎಂದರು. ಉಗುರಿನ ಸಂದಿಯಲ್ಲಿ ಕೆಂಪು ಮಣ್ಣಿತ್ತು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಬಿಳಿಚಿಕೊಂಡಿತ್ತು. "ಯಾವ ಮಣ್ಣು ರುಚಿ ಮಗಾ?" ಎಂದು ಕೇಳಿದೆ. ಅಮ್ಮನ ಮುಖ ನೋಡಿ, ಮೆಲ್ಲಗೆ, "ಬಾವಿಕಟ್ಟೆ ಹತ್ತಿರದ್ದು" ಎಂದ. ಆ ಅಮ್ಮನಿಗೂ ಆಗಲೇ ಗೊತ್ತಾದದ್ದು.

ಇನ್ನು ಟೆಸ್ಟ್. ಅದು ಯಾಕೆ ತಿನ್ನುತ್ತಾಳೆ, ತಿಂದು ಏನಾಗಿದೆ ಎಂದು ನೋಡಲು. ಈ ವಯಸ್ಸಿಗೆ ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ರಕ್ತ ಕಡಿಮೆ ಎನ್ನುತ್ತೇವೆ. ಆದರೆ 11.2 ನೋಡಿ ಸುಮ್ಮನಾಗಬೇಡಿ. ಕಬ್ಬಿಣದ ದಾಸ್ತಾನು ಮೊದಲು ಖಾಲಿಯಾಗುತ್ತದೆ, ಹಿಮೋಗ್ಲೋಬಿನ್ ಇಳಿಯುವುದು ಆಮೇಲೆ. ದಾಸ್ತಾನು ತೋರಿಸುವುದು ಫೆರಿಟಿನ್. ಐದು ವರ್ಷದೊಳಗೆ ಅದು 12ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣ ಕೊಡಲೇಬೇಕು. ಜ್ವರ ಇರುವಾಗ ಮಾಡಿಸಬೇಡಿ, ಆಗ ಫೆರಿಟಿನ್ ಏರಿ, ಇಲ್ಲದ ದಾಸ್ತಾನು ಇದ್ದಂತೆ ಕಾಣುತ್ತದೆ.

ನನಗೆ ಜಾಸ್ತಿ ಚಿಂತೆ ಆ ಪೇಂಟಿನ ಹಕ್ಕಳೆಯದ್ದು. ಮನೆ ಪೇಂಟಿನಲ್ಲಿ ಸೀಸ (ಲೆಡ್ ಎಂಬ ವಿಷಲೋಹ) 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 90 ಭಾಗ, ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ. ಹಳೇ ಗೋಡೆಯಲ್ಲಿ ಎಷ್ಟಿದೆಯೋ ಯಾರಿಗೆ ಗೊತ್ತು! ಕಬ್ಬಿಣ ಕಡಿಮೆ ಇರುವ ಮಗುವಿನ ಕರುಳು ಸೀಸವನ್ನು ಇನ್ನೂ ಹೆಚ್ಚು ಎಳೆದುಕೊಳ್ಳುತ್ತದೆ. ರಕ್ತದಲ್ಲಿ ಸೀಸ ಎಷ್ಟಿದೆ ಎಂಬ ಪರೀಕ್ಷೆ ಬೇಕೇ ಬೇಕು. ಅಷ್ಟರೊಳಗೆ ಆ ಗೋಡೆಗೆ ಕಪಾಟನ್ನಾದರೂ ಅಡ್ಡ ಇಡಿ. ಒಣ ಗೋಡೆಯನ್ನು ಕೆರೆಯಬೇಡಿ, ಧೂಳು ಮನೆಯೆಲ್ಲ ಹರಡುತ್ತದೆ.

ಅತ್ತೆಯ ಮಾತಿನಲ್ಲೂ ಹುರುಳಿದೆ. ಮಣ್ಣಿನಲ್ಲಿ ಜಂತುಹುಳದ ಮೊಟ್ಟೆ ಇರುತ್ತದೆ, ಮಲ ಪರೀಕ್ಷೆ ಮಾಡಿಸೋಣ, ಮದ್ದೂ ಕೊಡೋಣ. ಆದರೆ ಬರೀ ಅದರಿಂದ ಮಣ್ಣಿನ ಆಸೆ ಹೋಗುತ್ತದೆ ಎಂದುಕೊಳ್ಳಬೇಡಿ.

ಮಾತು ತಡವೇ? ಹೆಸರು ಕರೆದರೆ ತಿರುಗುತ್ತಾಳಾ? ಆಟಿಸಂ ಇರುವ ಮಕ್ಕಳಲ್ಲಿ ಪೈಕಾ ಹೆಚ್ಚು, ಅದಕ್ಕೆ ಕೇಳಿದೆ. ಹೊಟ್ಟೆ ಉಬ್ಬಿ ವಾಂತಿ ಬಂದರೆ, ಮಲ ಹೋಗದಿದ್ದರೆ ಕಾಯಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ (ಕುಂಬಳೆಯಿಂದ): ನನ್ನ ಮಗನಿಗೆ ಹತ್ತು ತಿಂಗಳು, ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತಾನೆ.

ಡಾಕ್ಟರ್: ಆ ವಯಸ್ಸೇ ಹಾಗೆ, ಅದು ಪೈಕಾ ಅಲ್ಲ. ಗುಂಡಿ, ಬ್ಯಾಟರಿ, ಅಡಿಕೆ ಚೂರು ನೆಲದಲ್ಲಿ ಇರದಂತೆ ನೋಡಿಕೊಳ್ಳಿ.

ಪ್ರಶ್ನೆ (ಮಂಜೇಶ್ವರದಿಂದ): ನಾದಿನಿ ಐದು ತಿಂಗಳ ಬಸುರಿ. ಫ್ರಿಜ್ಜಿನ ಐಸ್ ಕಟುಂ ಕಟುಂ ಅಂತ ದಿನವಿಡೀ ಕಡಿಯುತ್ತಾಳೆ. ಬಯಕೆ ಅಂತ ಬಿಟ್ಟಿದ್ದೇವೆ.

ಡಾಕ್ಟರ್: ಬಿಡಬೇಡಿ. ಐಸಿನ ಹಂಬಲಕ್ಕೂ ಕಬ್ಬಿಣದ ಕೊರತೆಗೂ ಹತ್ತಿರದ ನಂಟಿದೆ. ಮುಂದಿನ ಚೆಕಪ್‌ನಲ್ಲಿ ಅವರೇ ನಾಚದೆ ಹೇಳಲಿ, ಫೆರಿಟಿನ್ ನೋಡಿಸಿ. ಕಾರಣ ಅದೇ ಆಗಿದ್ದರೆ, ಕಬ್ಬಿಣದ ಮಾತ್ರೆ ಶುರುವಾದ ಕೆಲವೇ ವಾರಗಳಲ್ಲಿ ಹಂಬಲ ಇಳಿಯುವುದುಂಟು, ಕೆಲವರಲ್ಲಿ ಹಿಮೋಗ್ಲೋಬಿನ್ ಏರುವ ಮೊದಲೇ.

ಬದಿಯಡ್ಕದ ತಾಯಿ: ಪೆಟ್ಟು ಕೊಟ್ಟದ್ದಕ್ಕೆ ಈಗ ಸಂಕಟವಾಗುತ್ತಿದೆ ಡಾಕ್ಟ್ರೇ. ಕರೆತರುವಾಗ ಏನು ತರಲಿ?

ಡಾಕ್ಟರ್: ನಾಲ್ಕೈದು ದಿನ ಏನು, ಎಲ್ಲಿ, ಯಾವ ಹೊತ್ತಿಗೆ ತಿಂದಳು ಎಂದು ಬರೆದಿಡಿ. ಹಳೇ ರಿಪೋರ್ಟ್ ತನ್ನಿ. ಆ ಹಕ್ಕಳೆಯ ಒಂದು ಚೂರನ್ನೂ ಕಾಗದದಲ್ಲಿ ಸುತ್ತಿ ತನ್ನಿ.